ರೊಬಸ್ಟಾ ಗಿಡದ ತವರುಮನೆ

ನಮ್ಮ ಅತ್ತೆಗೆ ಪಾಳ್ಯ ದೂರ, ಆಫ್ರಿಕಾ ಹತ್ತಿರ!

ಉತ್ಪ್ರೇಕ್ಷೆ ಎನ್ನಬೇಡಿ, ಪುರಾವೆ ಇದೆ. ಕಾಲೇಜಿನ ಐದು ವರ್ಷವೂ ಚರ್ಚಾಸ್ಪರ್ಧೆಯ ವೇದಿಕೆ ಸವೆಸಿದವಳು ನಾನು. ಪುರಾವೆಯಿಲ್ಲದೆ ನಮ್ಮಮ್ಮನ ಸಾರಿಗೆ ಉಪ್ಪು ಕಡಿಮೆಯಾಗಿದೆ ಅಂತಲೂ ಹೇಳಿದವಳಲ್ಲ. ಅತ್ತೆಯೆಂದರೆ ನಮ್ಮಪ್ಪನ ಅಕ್ಕ. ಇರುವುದು ಹೊಂಗಡಹಳ್ಳದ ಹತ್ತಿರ, ಕಾಫಿ ತೋಟದಲ್ಲಿ. ಅವರ ತವರು, ಅಂದರೆ ನಮ್ಮ ಮನೆ, ಪಾಳ್ಯದ ಬಳಿ. ನಡುವೆ ಒಂದೂವರೆ ಗಂಟೆಯ ದಾರಿ. ಆ ದಾರಿಯಲ್ಲಿ ಅವರು ನಮ್ಮ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಹೋದ ಆಗಸ್ಟಿನಲ್ಲಿ ಅದೇ ಅತ್ತೆ ಮೂರು ವಿಮಾನ ಹತ್ತಿ ಇಳಿದು, ಟಾಂಜಾನಿಯಾ ದೇಶದ ಬುಕೋಬಾ ಎಂಬ ಊರಿಗೆ ಹೋಗಿ ಬಂದರು. ಈಗ ನೀವೇ ಹೇಳಿ, ಯಾವುದು ದೂರ?

ಹನ್ನೊಂದು ವರ್ಷದ ಈ ಮುನಿಸಿಗೆ ಕಾರಣ ಒಂದು ಬಸ್ಸು. ಗೌರಿ ಹಬ್ಬಕ್ಕೆ ತಮ್ಮನಾದವನು ಅಕ್ಕನ ಮನೆಗೆ ಖುದ್ದಾಗಿ ಹೋಗಿ, ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಇಟ್ಟು ಬಾಗಿನ ಕೊಟ್ಟು, 'ಹಬ್ಬಕ್ಕೆ ಬಾರಕ್ಕ' ಎಂದು ಕರೆಯುವುದು ನಮ್ಮ ಕಡೆಯ ಪದ್ಧತಿ. ಆ ವರ್ಷ ಅಪ್ಪನಿಗೆ ನಾಟಿ ತಡವಾಗಿತ್ತು, ಆಳುಗಳು ಸಿಕ್ಕಿದ್ದೂ ಅದೇ ದಿನ. ಏನು ಮಾಡಿದರು? ಬಾಗಿನವನ್ನು ಮೊರದ ಸಮೇತ ಗೋಣಿಚೀಲಕ್ಕೆ ಹಾಕಿ ಹೊಲಿದು, ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, "ಸಕಲೇಶಪುರದಲ್ಲಿ ಹೊಂಗಡಹಳ್ಳದ ಬಸ್ಸಿಗೆ ಹಾಕ್ಬುಡಿ, ನಮ್ಮಕ್ಕ ಬಂದು ಇಸ್ಕತ್ತಾಳೆ" ಎಂದರು. ಅಪ್ಪನ ಪ್ರಕಾರ ಇದರಲ್ಲಿ ತಪ್ಪೇನು? ನಮ್ಮ ಕಡೆ ಬಸ್ಸಿನಲ್ಲಿ ಏನು ತಾನೇ ಹೋಗುವುದಿಲ್ಲ? ನಾಟಿಕೋಳಿ, ಸ್ಪ್ರೇಯರು, ಲಗ್ನಪತ್ರಿಕೆ, ರಕ್ತಪರೀಕ್ಷೆಯ ರಿಪೋರ್ಟು, ಎಲ್ಲವೂ ಹೋಗುತ್ತವೆ!

ಬಾಗಿನವೂ ಹೋಯಿತು. ಯಾರದೋ ಗ್ಯಾಸ್ ಸಿಲಿಂಡರಿನ ಕೆಳಗೆ ಹೋಯಿತು. ಅತ್ತೆ ಚೀಲ ಬಿಚ್ಚಿ ನೋಡಿದರೆ ಮೊರ ಚಪ್ಪಟೆ, ಬಳೆಯೆಲ್ಲ ಚೂರು. ಅವತ್ತಿನ ಫೋನು ನನಗಿನ್ನೂ ನೆನಪಿದೆ. ಸ್ಪೀಕರ್ ಹಾಕಬೇಕಾಗಿಯೇ ಇರಲಿಲ್ಲ.

"ಲೋ, ನಾನೇನು ಸ್ಪ್ರೇಯರ್ ಪಂಪೇನೋ, ಬಸ್ಸಿಗೆ ಹಾಕಿ ಕಳ್ಸಾಕೆ?"

"ನಾಟಿ ಇತ್ತು ಕಣಕ್ಕ."

"ಹಂಗಾರೆ ಇನ್ಮೇಲೆ ಗದ್ದೇನೇ ಅಕ್ಕ ಅನ್ಕೋ!"

ಅಪ್ಪನೂ ಅದೇ ತಾಯಿಯ ಮಗನಲ್ಲವೇ? 'ಒಂದು ಡಜನ್ ಬಳೆಗೆ ಇಷ್ಟು ಮಾತಾ?' ಎಂದು ಬಿಗಿದುಕೊಂಡರು. ಅಲ್ಲಿಗೆ ಮುಗಿಯಿತು. ಮದುವೆ ಮನೆಗಳಲ್ಲಿ ಒಬ್ಬರು ಪೂರ್ವಕ್ಕೆ ಕೂತರೆ ಇನ್ನೊಬ್ಬರು ಪಶ್ಚಿಮಕ್ಕೆ. ನಡುವೆ ಓಡಾಡುವ ಅಂಚೆ ನಾನು. "ನಿಮ್ಮಪ್ಪಂಗೆ ಹೇಳೇ, ಶುಗರ್ ಐತೆ, ಜಿಲೇಬಿ ಮುಟ್ಬ್ಯಾಡ ಅಂತ." ಇತ್ತ ಬಂದರೆ, "ನಿಮ್ಮತ್ತೆಗೆ ಹೇಳವ್ವ, ಆ ಫ್ಯಾನಿನ ಕೆಳಗೆ ಕೂರ್ಬ್ಯಾಡ, ಶೀತ ಆಯ್ತದೆ ಅಂತ." ಮಾತು ಬಿಟ್ಟವರು ಇಷ್ಟು ಮಾತಾಡುವುದನ್ನು ನಾನು ಎಲ್ಲಿಯೂ ಕಂಡಿಲ್ಲ!

ಇಂಥ ಅತ್ತೆ ಒಂದು ದಿನ ನನ್ನನ್ನು ತೋಟಕ್ಕೆ ಕರೆಸಿ, ರೊಬಸ್ಟಾ ಗಿಡದ ಕೆಳಗೆ ನಿಲ್ಲಿಸಿ ಘೋಷಿಸಿದರು: "ಈ ಗಿಡದ ತವರುಮನೆ ನೋಡ್ಕೊಂಡು ಬರಾಣ ಕಣೇ."

ಅವರ ವಾದ ಹೀಗಿತ್ತು. ರೊಬಸ್ಟಾ ಗಿಡ ಆಫ್ರಿಕಾದಿಂದ ಬಂದದ್ದು. ಅಂದರೆ ನಮ್ಮ ತೋಟಕ್ಕೆ ಬಂದ ಸೊಸೆ. ಇಷ್ಟು ವರ್ಷ ನಮ್ಮನ್ನು ಸಾಕಿದ ಸೊಸೆಯ ತವರು ಯಾವುದು, ಹೇಗಿದೆ ಅಂತ ನಮ್ಮವರು ಒಬ್ಬರಾದರೂ ಹೋಗಿ ನೋಡಿದ್ದಾರಾ? ಬೀಗರನ್ನು ಮಾತಾಡಿಸಿದ್ದಾರಾ? ಮೊಬೈಲಿನಲ್ಲಿ ಅದ್ಯಾವುದೋ ವಿಡಿಯೊ ನೋಡಿ ಊರನ್ನೂ ಆರಿಸಿಬಿಟ್ಟಿದ್ದರು. ವಿಕ್ಟೋರಿಯಾ ಸರೋವರದ ದಡದ ಹಳೆಯ ಪಟ್ಟಣ, ಸುತ್ತ ಬಾಳೆ, ಬಾಳೆಯ ನೆರಳಲ್ಲಿ ರೊಬಸ್ಟಾ.

ಸುಳ್ಳು ಮಂಡನೆ ಕೇಳಿ ಸುಮ್ಮನಿರಲು ನನಗಾಗುತ್ತದೆಯೇ? "ಅತ್ತೆ, ನಮ್ಮ ಕಡೆಗೆ ಬಂದ ಗಿಡದ ಮೂಲ ಕಾಂಗೊ ಕಾಡಿನ ಕಡೆ ಅಂತಾರೆ. ಅಲ್ಲಿಂದ ಜಾವಾ, ಜಾವಾದಿಂದ ಇಲ್ಲಿಗೆ. ಬುಕೋಬಾ ಅದರ ತವರಲ್ಲ."

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಚಿಕ್ಕಮ್ಮನ ಮನೆ ಅನ್ಕೋ. ಚಿಕ್ಕಮ್ಮನ ಮನೆ ತವರಲ್ವೇನೆ, ಲಾಯರಮ್ಮ?"

ಇದಕ್ಕೆ ಯಾವ ತೀರ್ಪುಗಾರರ ಹತ್ತಿರ ಹೋಗುವುದು?

ಸುದ್ದಿ ಪಾಳ್ಯಕ್ಕೆ ಮುಟ್ಟಿತು. ಮುಟ್ಟಿಸಿದ್ದು ನಾನೇ ಅನ್ನಿ. ಅಪ್ಪ ಕೇಳಿಯೂ ಕೇಳದವರಂತೆ ಎದ್ದು ಹೋದರು. ಸ್ವಲ್ಪ ಹೊತ್ತಿನ ಮೇಲೆ ಕೊಟ್ಟಿಗೆಯ ಹಿಂದಕ್ಕೆ ನನ್ನನ್ನು ಕರೆದರು.

"ಭಾವ ಹೋಯ್ತಾರಾ ಜೊತೆಗೆ?"

"ಮಾವನಿಗೆ ಬಿಸ್ಲೆ ಘಾಟಿಯಲ್ಲೇ ತಲೆ ಸುತ್ತುತ್ತೆ. ವಿಮಾನ ಎಲ್ಲಿಂದ ಹತ್ತುತ್ತಾರಪ್ಪ?"

"ಹಂಗಾರೆ ನೀನು ಹೋಗು. ಒಬ್ಬಳನ್ನೇ ಬಿಡಬ್ಯಾಡ. ನಾನು ಹೇಳ್ದೆ ಅನ್ಬ್ಯಾಡ." ಇಷ್ಟು ಹೇಳಿ ಹಸುವಿನ ಕಡೆ ತಿರುಗಿ, ಹಸುವಿಗೆ ಹೇಳುವವರಂತೆ ಅಂದರು: "ಬರೋವತ್ಗೆ ಗೌರಿ ಹಬ್ಬ ಹತ್ರ ಬಂದಿರ್ತದೆ. ನೀನು ಇಷ್ಟೊಂದು ಕಪ್ ಗೆದ್ದಿದೀಯ. ಮಾತಾಡಿ, ಹಂಗೇ ಇತ್ಲಾಗೆ ಕರ್ಕೊಂಡು ಬರಾಕೆ ಆಯ್ತದಾ ನೋಡು."

"ನೀವೇ ಹೋಗಿ ಕರೀಬಹುದಲ್ಲಪ್ಪ?"

"ಕರುದ್ರೆ ಬರಕಿಲ್ಲ ಅಂದ್ರೆ?"

ಅಪ್ಪನ ಹನ್ನೊಂದು ವರ್ಷದ ಬಿಗುಮಾನದ ಒಳಗೆ ಇದ್ದದ್ದು ಇಷ್ಟೇ ಎಂದು ನನಗೆ ಅವತ್ತು ಗೊತ್ತಾಯಿತು. ನಾನು ವಿಷಯ ಒಪ್ಪಿಕೊಂಡೆ. ಅತ್ತೆಯನ್ನು ಆಫ್ರಿಕಾದ ದಾರಿಯಾಗಿ ಪಾಳ್ಯಕ್ಕೆ ತರುವುದು! ಇದಕ್ಕಿಂತ ಸುತ್ತುದಾರಿ ಭೂಗೋಳದಲ್ಲಿ ಇನ್ನೊಂದಿದ್ದರೆ ತೋರಿಸಿ.

ಬೀಗರ ಮನೆಗೆ ಬರಿಗೈಯಲ್ಲಿ ಹೋಗಲಾದೀತೇ? ಅತ್ತೆಯ ಸೂಟ್‌ಕೇಸಿನಲ್ಲಿ ಬಟ್ಟೆಗೆ ಸಿಕ್ಕಿದ್ದು ಒಂದು ಮೂಲೆ. ಉಳಿದದ್ದು ಅಕ್ಕಿ, ಬೆಲ್ಲ, ರವಿಕೆ ಕಣ, ಅರಿಸಿನ ಕುಂಕುಮ, ಹಸಿರು ಬಳೆ, ಸ್ವಂತ ತೋಟದ ಕಾಫಿಪುಡಿ, ಮತ್ತು ಹನ್ನೆರಡು ಕೊಬ್ಬರಿ ಗಿಟುಕು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಕೊಬ್ಬರಿಗಳನ್ನು ಹೊರಗೆ ತೆಗೆಸಿದಳು.

"ಇದನ್ನ ಬಿಡಲ್ಲಮ್ಮ. ಎಣ್ಣೆ ಅಂಶ ಇರುತ್ತೆ, ಬೆಂಕಿ ಹತ್ತುತ್ತೆ."

"ಹಂಗಾರೆ ತಿಪಟೂರು ಇಷ್ಟೊತ್ಗೆ ಬೂದಿ ಆಗ್ಬೇಕಿತ್ತಲ್ಲ ತಾಯಿ!"

ಆ ಹುಡುಗಿ ನಕ್ಕರೂ ನಿಯಮ ನಗಲಿಲ್ಲ. ಕೊಬ್ಬರಿ ಹೊರಗುಳಿಯಿತು. ಅತ್ತೆ ಸಾಲಿನಲ್ಲಿದ್ದ ಹನ್ನೆರಡು ಅಪರಿಚಿತರಿಗೆ ಒಂದೊಂದು ಹಂಚಿ, "ಹಬ್ಬಕ್ಕೆ ಆಯ್ತದೆ" ಎಂದು ಹರಸಿದರು. ಅವರೆಲ್ಲ ಮುಂದಿನ ತಪಾಸಣೆಯಲ್ಲಿ ಏನಾದರೋ ನನಗೆ ಗೊತ್ತಿಲ್ಲ.

ಮೊದಲ ವಿಮಾನದಲ್ಲಿ ಸೀಟ್ ಬೆಲ್ಟು ಕಟ್ಟಿಕೊಂಡ ಅತ್ತೆ ಎದ್ದು ಹೋಗುವಂತಿರಲಿಲ್ಲ. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಶ್ರೋತೃ ಬೇಕೇ? ಪಾಳ್ಯದ ಪರವಾಗಿ ಮಂಡನೆ ಶುರು ಮಾಡಿದೆ. "ನೋಡಿ ಅತ್ತೆ, ತಪ್ಪಿಗೂ ಉದ್ದೇಶಕ್ಕೂ ವ್ಯತ್ಯಾಸ ಇದೆ. ಅಪ್ಪನ ಉದ್ದೇಶ ಬಾಗಿನ ತಲುಪಿಸೋದು. ಬಳೆ ಒಡೆದದ್ದು ಸಿಲಿಂಡರು. ಅಂದಮೇಲೆ..."

ಗೊರಕೆ ಕೇಳಿಸಿತು. ನಿಜವಾದ ಗೊರಕೆಯಲ್ಲ, ಅದಕ್ಕೂ ನನ್ನ ಹತ್ತಿರ ಪುರಾವೆ ಇದೆ. ಗಗನಸಖಿ ಊಟದ ಗಾಡಿ ತಂದ ಕೂಡಲೆ ನಿಂತುಹೋಯಿತು!

ಮೂರನೆಯ ವಿಮಾನ ನಮ್ಮ ಸಕಲೇಶಪುರದ ಮಿನಿಬಸ್ಸಿನಷ್ಟು ದೊಡ್ಡದು. ಅದು ಸರೋವರದ ಮೇಲೆ ಹಾರುತ್ತಲೇ ಇತ್ತು, ಆಚೆ ದಡ ಬರಲೇ ಇಲ್ಲ. ಬುಕೋಬಾದಲ್ಲಿ ಇಳಿದಾಗ ನಮ್ಮನ್ನು ಎದುರುಗೊಂಡವರು ಊರು ತೋರಿಸಲು ಒಪ್ಪಿದ್ದ ನಿವೃತ್ತ ಉಪಾಧ್ಯಾಯರು. ಅಲ್ಲಿ ಎಲ್ಲರೂ ಅವರನ್ನು 'ಮ್ವಾಲಿಮು' ಎನ್ನುತ್ತಾರೆ, ಅಂದರೆ ಮೇಷ್ಟ್ರು. ನಾವೂ ಮೇಷ್ಟ್ರು ಎಂದೇ ಕರೆದೆವು. ಅವರ ಇಂಗ್ಲಿಷನ್ನು ನಾನು ಕನ್ನಡ ಮಾಡುವುದು, ಅತ್ತೆಯ ಕನ್ನಡವನ್ನು ಆದಷ್ಟು ಸಭ್ಯವಾಗಿ ಇಂಗ್ಲಿಷ್ ಮಾಡುವುದು ಎಂದು ಕೆಲಸ ಹಂಚಿಕೆಯಾಯಿತು.

ಮೇಷ್ಟ್ರು ಶ್ರದ್ಧೆಯಿಂದ ಊರಿನ ಚರಿತ್ರೆ ಹೇಳಿದರು. ಜರ್ಮನ್ನರ ಕಾಲದ ಕಟ್ಟಡ, ಹಿಂದೆ ನಮ್ಮ ದೇಶದಿಂದ ಹೋಗಿ ಅಂಗಡಿ ಇಟ್ಟವರು ಕಟ್ಟಿಸಿದ ಕಮಾನಿನ ಜಗುಲಿಗಳು, ದೊಡ್ಡ ಚರ್ಚು. ಅತ್ತೆ ಚರ್ಚಿನ ಚಾವಣಿಯನ್ನು ಬಹಳ ಹೊತ್ತು ನೋಡಿದರು. ಭಕ್ತಿ ಉಕ್ಕಿತೇನೋ ಅಂದುಕೊಂಡೆ. "ಇಷ್ಟಗಲ ಕಣ ಇದ್ದಿದ್ರೆ ನಮ್ಮ ತೋಟದ ಕಾಫಿ ಒಂದೇ ಸಲಕ್ಕೆ ಒಣಗ್ಸಬೋದಿತ್ತು" ಎಂದರು.

ಆಮೇಲೆ ಸರೋವರದ ದಡಕ್ಕೆ ಬಂದೆವು. ನೀರು, ನೀರು, ಕಣ್ಣು ಸೋಲುವವರೆಗೆ ನೀರು. ನಾನು ಮೂಕಳಾದೆ (ಅತ್ತೆ ಇದನ್ನು ಊರಿಗೆಲ್ಲ ಹೇಳಿದ್ದಾರೆ). ಅತ್ತೆ ಮಾತ್ರ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ, ಉಪ್ಪಿಲ್ಲವೆಂದು ನಾಲಗೆ ತುದಿಯಲ್ಲಿ ಖಚಿತ ಮಾಡಿಕೊಂಡು, ಕೈ ಒರೆಸಿಕೊಳ್ಳುತ್ತ ಮೇಷ್ಟ್ರನ್ನು ಕೇಳಿದರು: "ಕೆರೆ ಚೆನ್ನಾಗೈತೆ. ಕೋಡಿ ಎಲ್ಲಿ?"

ಕೋಡಿಯನ್ನು ಹೇಗೆ ವಿವರಿಸುವುದು? ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿದುಹೋಗುವ ಜಾಗ ಎಂದೆ. ಮೇಷ್ಟ್ರ ಮುಖ ಅರಳಿತು. ಉತ್ತರ ದಿಕ್ಕಿಗೆ ಕೈ ತೋರಿಸಿ, "ಅಲ್ಲಿ, ಉಗಾಂಡಾದಲ್ಲಿ. ಅದಕ್ಕೆ ನೈಲ್ ನದಿ ಅಂತ ಹೆಸರು" ಎಂದರು.

ಅತ್ತೆ ತಲೆಯಾಡಿಸಿದರು, ನಮ್ಮೂರ ಕೆರೆಯ ಕೋಡಿ ಎಲ್ಲಿದೆಯೆಂದು ಕೇಳಿ ತಿಳಿದಷ್ಟೇ ಸಮಾಧಾನದಿಂದ. ಶಾಲೆಯಲ್ಲಿ ಪುಟಗಟ್ಟಲೆ ಉರು ಹೊಡೆದ ನೈಲ್ ನದಿ ನನ್ನ ಕಣ್ಣೆದುರೇ ಒಂದು ಕೆರೆಯ ಕೋಡಿಯಾಗಿಬಿಟ್ಟಿತು. ಆಕ್ಷೇಪಣೆ ಎತ್ತೋಣವೆಂದರೆ ಹೇಳಿದ್ದರಲ್ಲಿ ತಪ್ಪೇ ಇಲ್ಲ!

ತುಂಬಿದ ಕೆರೆ ಕಂಡ ಮೇಲೆ ಬಾಗಿನ ಬಿಡದೆ ಬರುವವರೇ? ನೀರು ಮಲಿನವಾಗುತ್ತದೆ ಎಂದು ನಾನು ಕೂಗಾಡಿದ್ದಕ್ಕೆ ಬಳೆ, ಬಟ್ಟೆ ಕೈಬಿಟ್ಟು, ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ, ಚಿಟಿಕೆ ಅರಿಸಿನಕ್ಕೆ ಇಳಿದರು. ಇದೇ ಸಮಯ ಎಂದು ನಾನು ಬಾಣ ಬಿಟ್ಟೆ.

"ಗುರುತಿಲ್ಲದ ಕೆರೆಗೆ ಇಷ್ಟು ದೂರ ಬಂದು ಬಾಗಿನ ಕೊಡ್ತೀರಿ. ಒಡಹುಟ್ಟಿದ ತಮ್ಮನ ಮನೆಗೆ ಬರಲ್ಲ. ಇದು ಯಾವ ನ್ಯಾಯ ಅತ್ತೆ?"

"ಈ ಕೆರೆ ನಂಗೇನು ಅಂದಿಲ್ಲವಲ್ಲೇ."

"ಅಪ್ಪ ಏನಂದರು?"

"ಕರೀಲಿಲ್ಲ." ಅತ್ತೆ ನೀರು ನೋಡುತ್ತಲೇ ಹೇಳಿದರು. "ಬಳೆ ಒಡೆದ್ರೆ ಸಂತೇಲಿ ಸಿಕ್ತವೆ ಮಾರಾಯ್ತಿ. ಬಾಗಿನದ ಜೊತೆ 'ಹಬ್ಬಕ್ಕೆ ಬಾರಕ್ಕ' ಅನ್ನೋ ಮಾತು ಇರ್ತದೆ. ಅದನ್ನ ಕಂಡಕ್ಟರ್ ಹೇಳ್ತಾನಾ?"

ಚರ್ಚಾಪಟುಗಳಿಗೆ ಒಂದು ಅಭ್ಯಾಸವಿದೆ. ಉತ್ತರ ಹೊಳೆಯದಿದ್ದಾಗ ನೀರು ಕುಡಿಯುತ್ತೇವೆ. ಎದುರಿಗೆ ಒಂದು ಸರೋವರವೇ ಇದ್ದರೂ ನನಗೆ ಸಾಲದಾಯಿತು.

ಮರುದಿನ ಮೇಷ್ಟ್ರು ಊರಾಚೆಯ ಒಂದು ಹಿತ್ತಿಲಿಗೆ ಕರೆದುಕೊಂಡು ಹೋದರು. ಅವರ ಪರಿಚಯದ ಅಜ್ಜಿ, ಅತ್ತೆಗಿಂತ ನಾಲ್ಕೈದು ವರ್ಷ ದೊಡ್ಡವರು. ಮಗಳ ಹೆಸರು ಕೊಕು, ಹಾಗಾಗಿ ಊರಿಗೆಲ್ಲ ಮಾಮಾ ಕೊಕು, ಅಂದರೆ ಕೊಕುವಿನ ಅಮ್ಮ. ಬಾಳೆಯ ನಡುವೆ ರೊಬಸ್ಟಾ ಗಿಡಗಳು, ಕೊಯ್ಲಿನ ಕಾಲ, ಕೆಂಪು ಹಣ್ಣು. ಆದರೆ ಗಿಡಗಳೋ ಆಳೆತ್ತರ ಮೀರಿ, ಬುಡದಿಂದ ಚಿಗುರು ಒಡೆದು ಮನಸ್ಸಿಗೆ ಬಂದಂತೆ ಬೆಳೆದಿದ್ದವು. ಬೀಗಿತ್ತಿಯ ಕೈಗೆ ಬೆಲ್ಲ, ಬಳೆ, ರವಿಕೆ ಕಣ ಒಪ್ಪಿಸಿ ಮುಗಿದದ್ದೇ ತಡ, ಅತ್ತೆ ಸೀರೆ ಸೆರಗು ಸಿಕ್ಕಿಸಿಕೊಂಡು ಗಿಡಕ್ಕೆ ನುಗ್ಗಿದರು.

"ಏನಮ್ಮ ಇದು? ಹೆಣ್ಮಗಳನ್ನ ಹಿಂಗಾ ಬೆಳ್ಸೋದು? ತಲೆ ಬಾಚೋರಿಲ್ವಾ ಇದಕ್ಕೆ?" ಎನ್ನುತ್ತ ಚಟಚಟನೆ ಚಿಗುರು ಮುರಿಯತೊಡಗಿದರು. ಮಾಮಾ ಕೊಕು ಓಡಿ ಬಂದು ಅತ್ತೆಯ ಕೈ ಮೇಲೆ ಫಟ್ಟನೆ ಹೊಡೆದರು! ತಮ್ಮ ಭಾಷೆಯಲ್ಲಿ ಒಂದು ಭಾಷಣ ಮಾಡಿದರು. ಅತ್ತೆ ಕನ್ನಡದಲ್ಲಿ ಉತ್ತರ ಕೊಟ್ಟರು. ಮೇಷ್ಟ್ರೂ ನಾನೂ ಭಾಷಾಂತರಕ್ಕೆ ಬಾಯಿ ತೆರೆದರೆ ಇಬ್ಬರೂ ನಮ್ಮನ್ನು ಗದರಿಸಿದರು. ಅರ್ಧ ಗಂಟೆ ಜಗಳವಾಡಿ, ಕೊನೆಗೆ ಒಬ್ಬರು ಕೊಂಬೆ ಬಗ್ಗಿಸಿ ಹಿಡಿಯುವುದು, ಇನ್ನೊಬ್ಬರು ಚಿಗುರು ಮುರಿಯುವುದು ಎಂದು ರಾಜಿಯಾಯಿತು. ಭಾಷೆ ಗೊತ್ತಿಲ್ಲದಿದ್ದರೆ ಜಗಳ ಎಷ್ಟು ಬೇಗ ಮುಗಿಯುತ್ತದೆ ನೋಡಿ! ಒಂದೇ ಭಾಷೆಯವರಿಗೆ ಹನ್ನೊಂದು ವರ್ಷ ಸಾಲಲಿಲ್ಲ.

ಬೇಯಿಸಿದ ಬಾಳೆಕಾಯಿ, ಸರೋವರದ ಮೀನಿನ ಸಾರು ಉಂಡ ಮೇಲೆ ಮಾಮಾ ಕೊಕು ಒಂದು ಪುಟ್ಟ ಬುಟ್ಟಿ ತಂದಿಟ್ಟರು. ಒಳಗೆ ಕಪ್ಪಗಿನ ಒಣ ಕಾಫಿ ಹಣ್ಣುಗಳು. ಅದ್ಯಾವುದೋ ಸೊಪ್ಪಿನ ಜೊತೆ ಬೇಯಿಸಿ ಒಣಗಿಸಿದ್ದು. ನಾವು ಎಲೆ ಅಡಿಕೆ ಕೊಟ್ಟಂತೆ ಅಲ್ಲಿ ಬಂದವರಿಗೆ ಇದನ್ನು ಅಗಿಯಲು ಕೊಡುತ್ತಾರೆ. ಇಷ್ಟು ವರ್ಷ ಕಾಫಿ ಬೆಳೆದ ಅತ್ತೆ ಕಾಫಿಯನ್ನು ಅಗಿದದ್ದು ಅದೇ ಮೊದಲು. ಮುಖ ಕಿವುಚಿದರು. ಬೀಗರ ಮನೆ, ಉಗಿಯುವಂತಿಲ್ಲ.

ಮೇಷ್ಟ್ರು ಹಳೆಯ ಪದ್ಧತಿಯೊಂದನ್ನು ವಿವರಿಸಿದರು. ಒಂದು ಹಣ್ಣಿನೊಳಗೆ ಎರಡು ಬೀಜ ಬೆನ್ನಿಗೆ ಬೆನ್ನು ಅಲ್ಲ, ಹೊಟ್ಟೆಗೆ ಹೊಟ್ಟೆ ತಾಗಿಸಿಕೊಂಡು ಇರುತ್ತವಲ್ಲ, ಅದನ್ನು ಬಿಡಿಸಿ ಇಬ್ಬರು ಒಂದೊಂದು ತಿಂದರೆ ಒಡಹುಟ್ಟಿದವರಾದಂತೆ. ಹಿಂದಿನವರು ಒಂದು ಹನಿ ರಕ್ತವನ್ನೂ ಹಚ್ಚುತ್ತಿದ್ದರಂತೆ. ಆಮೇಲೆ ಅವರ ನಡುವೆ ಮುನಿಸು ಕೂಡದು.

"ಎಲ್ಲಾ ಹಣ್ಣಲ್ಲೂ ಎರಡು ಇರಲ್ಲ. ಒಂಟಿ ಬೀಜದ ಹಣ್ಣೂ ಇರ್ತವೆ" ಎಂದೆ ನಾನು. ನನ್ನ ಹುಟ್ಟುಗುಣ.

ಮಾಮಾ ಕೊಕು ನನ್ನನ್ನು ನೋಡಿ ಏನೋ ಹೇಳಿದರು. ಮೇಷ್ಟ್ರು ನಗು ತಡೆದುಕೊಂಡು, "ಈ ಹುಡುಗಿಗೆ ಮದುವೆ ಆಗಿದೆಯಾ ಅಂತ ಕೇಳುತ್ತಿದ್ದಾರೆ. ಆಗಿರಲಿಕ್ಕಿಲ್ಲ ಅಂತಲೂ ಅವರೇ ಹೇಳುತ್ತಿದ್ದಾರೆ" ಎಂದರು. ಅತ್ತೆಯ ನಗು ಸರೋವರದ ಕೋಡಿಯವರೆಗೂ ಕೇಳಿಸಿರಬೇಕು!

ಬಳಿಕ ಅಜ್ಜಿ ಅತ್ತೆಯ ಕಡೆ ತಿರುಗಿ, ಒಡಹುಟ್ಟಿದವರು ಇದ್ದಾರೆಯೇ ಎಂದು ಕೇಳಿದರು. ಅತ್ತೆ ಬುಟ್ಟಿ ನೋಡುತ್ತ ಕೂತರು. ನಾನು ಸುಮ್ಮನಿರಲಿಲ್ಲ. ತಮ್ಮ ಒಬ್ಬ, ಮಾತು ಬಿಟ್ಟು ಹನ್ನೊಂದು ವರ್ಷ, ಬಸ್ಸು, ಸಿಲಿಂಡರು, ಬಳೆ, ಎಲ್ಲವನ್ನೂ ಮೇಷ್ಟ್ರಿಗೆ ಸುರಿದೆ. ಅತ್ತೆ ನನ್ನ ತೊಡೆ ಚಿವುಟಿದ ಗುರುತು ವಾರವಿತ್ತು.

ಮಾಮಾ ಕೊಕು ನಗಲಿಲ್ಲ. ಬುಟ್ಟಿಯಲ್ಲಿ ಕೈಯಾಡಿಸಿ ಒಂದು ಹಣ್ಣು ಆರಿಸಿ, ಉಗುರಿನಿಂದ ಬಿಡಿಸಿದರು. ಒಂದು ಬೀಜವನ್ನು ಅತ್ತೆಯ ಬಾಯಿಗೇ ಇಟ್ಟರು. ಇನ್ನೊಂದನ್ನು ಒಣ ಬಾಳೆಲೆಯ ಚೂರಿನಲ್ಲಿ ಮಡಿಸಿ, ನಾರಿನಿಂದ ಕಟ್ಟಿ, ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ಹೇಳಿದ್ದು ಒಂದೇ ಮಾತು: "ಅವನು ತಿನ್ನುವವರೆಗೆ ನೀನು ತಿಂದದ್ದೂ ಲೆಕ್ಕಕ್ಕಿಲ್ಲ."

ಹೋಟೆಲಿಗೆ ಮರಳುವಾಗ ಕೇಳಿದೆ: "ಇದನ್ನೆಲ್ಲ ನಂಬ್ತೀರಾ ಅತ್ತೆ?"

"ಸುಮ್ಕೆ ಕೂತ್ಕೊಳೇ." ಅಷ್ಟೇ.

ಹೊರಡುವ ದಿನ ಅತ್ತೆ ತಮ್ಮ ಚಪ್ಪಲಿಯನ್ನು ಅಲ್ಲೇ ಬಿಟ್ಟರು. ಆ ಸೀಮೆಯಲ್ಲಿ ಕಾಫಿ ಗಿಡವನ್ನೇ ಒಣಗಿಸುವ ರೋಗವೊಂದು ಇದೆಯಂತೆ. ಚಪ್ಪಲಿಯ ಮಣ್ಣಿನಲ್ಲಿ ಬಂದುಬಿಟ್ಟರೆ ನಮ್ಮ ತೋಟಗಳ ಗತಿ? ಹೊಸ ಹವಾಯಿ ಚಪ್ಪಲಿ ಹಾಕಿಕೊಂಡರು. ನನ್ನ ಹೊಸ ಶೂಗಳನ್ನೂ ಬಿಡಿಸಿದರು. ಒಂದು ಹಸಿ ಬೀಜ, ಒಂದು ಎಲೆ ತರಲಿಲ್ಲ. ಬೀಜ ಸುತ್ತಿದ್ದ ಬಾಳೆಲೆಯನ್ನೂ ತೆಗೆದು ಹೋಟೆಲಿನ ಟಿಶ್ಯೂ ಕಾಗದದಲ್ಲಿ ಸುತ್ತಿಕೊಂಡರು. ಬೆಂಗಳೂರಿನಲ್ಲಿ ಇಳಿದದ್ದೇ, ಯಾರೂ ಕೇಳದಿದ್ದರೂ, ತಾವೇ ಅಧಿಕಾರಿಯ ಮೇಜಿನ ಮುಂದೆ ನಿಂತು ಪೊಟ್ಟಣ ಬಿಚ್ಚಿದರು.

"ಕಾಫಿ ಬೀಜ ಸಾರ್. ಬೇಯಿಸಿರೋದು. ಮೊಳಕೆ ಬರಕಿಲ್ಲ, ನಾನೂ ಬೆಳೆಗಾರಳೇ. ತಿನ್ನಾಕೆ ತಂದಿರೋದು."

ಅಧಿಕಾರಿ ಪೊಟ್ಟಣವನ್ನೂ ಅತ್ತೆಯನ್ನೂ ಸರದಿಯಲ್ಲಿ ನೋಡಿದರು. "ಅಮ್ಮ, ಆಫ್ರಿಕಾಕ್ಕೆ ಹೋಗಿ ತಂದಿದ್ದು ಇದೊಂದೇನಾ?"

"ಒಂದಲ್ಲ ಸಾರ್. ಅರ್ಧ."

ಬಾಡಿಗೆ ಕಾರಿನಲ್ಲಿ ಹಾಸನದವರೆಗೆ ನಾನು ನನ್ನ ಕೊನೆಯ ವಾದವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಪೀಠಿಕೆ ಸಿದ್ಧ, ಉದಾಹರಣೆ ಸಿದ್ಧ, ಮುಕ್ತಾಯಕ್ಕೆ ಸ್ವಲ್ಪ ಕಣ್ಣೀರು. ಆಲೂರು ದಾಟಿತು. ಗೌರಿ ಹಬ್ಬಕ್ಕೆ ಇನ್ನು ಹತ್ತು ದಿನ. ಅಂಗಡಿಗಳ ಮುಂದೆ ಮೊರಗಳನ್ನು ಪೇರಿಸಿದ್ದರು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

"ಅತ್ತೆ, ಇನ್ನೇನು ಪಾಳ್ಯ..." ಎಂದು ಗಂಟಲು ಸರಿಮಾಡಿಕೊಂಡೆ.

"ಗೊತ್ತು ಕಣೇ. ನಾನು ಹುಟ್ಟಿರೋದೇ ಇಲ್ಲಿ." ಡ್ರೈವರ್ ಕಡೆ ಬಗ್ಗಿದರು. "ಮುಂದೆ ಅರಳೀಮರ ಬರ್ತದೆ. ಎಡಕ್ಕೆ ತಿರುಗ್ಸಪ್ಪ."

ಅಷ್ಟು ಚೆಂದದ ಭಾಷಣ ದಂಡವಾಯಿತು!

ಅಪ್ಪ ಅಂಗಳದಲ್ಲಿ ಗುದ್ದಲಿಗೆ ಕಾವು ಹಾಕುತ್ತಿದ್ದರು. ಕಾರಿನಿಂದ ಹವಾಯಿ ಚಪ್ಪಲಿಯ ಕಾಲು ಇಳಿದದ್ದು ನೋಡಿ, ಎದ್ದರು. ಗುದ್ದಲಿ ಕೈಯಲ್ಲೇ ಇತ್ತು. ಇಬ್ಬರೂ ನಿಂತರು. ಯಾರಾದರೊಬ್ಬರು ಮಾತಾಡಬೇಕಲ್ಲ?

ಅತ್ತೆ ಸೆರಗಿನ ಗಂಟು ಬಿಚ್ಚಿ, ಪೊಟ್ಟಣ ಬಿಚ್ಚಿ, ಆ ಕಪ್ಪು ಬೀಜವನ್ನು ತಮ್ಮನ ಮಣ್ಣುಗೈಯಲ್ಲಿ ಇಟ್ಟರು.

"ಏನಕ್ಕ ಇದು?"

"ಬಾಗಿನ ಕಣೋ. ಬಸ್ಸಿಗೆ ಹಾಕಿಲ್ಲ, ನಾನೇ ತಂದಿದೀನಿ. ತಿನ್ನು."

ಅಪ್ಪ ಬಾಯಿಗೆ ಹಾಕಿಕೊಂಡರು. ಮುಖ ಅತ್ತೆಯ ಮುಖದಂತೆಯೇ ಕಿವುಚಿತು. ಅವರಿಬ್ಬರೂ ಇಷ್ಟು ಒಂದೇ ಥರ ಇದ್ದಾರೆಂದು ನಾನು ಗಮನಿಸಿರಲೇ ಇಲ್ಲ. "ಕಹಿ ಐತೆ" ಎಂದರು. ಆಮೇಲೆ, ಗುದ್ದಲಿಯನ್ನು ಗೋಡೆಗೆ ಒರಗಿಸಿ, ನೆಲ ನೋಡುತ್ತ, ಹನ್ನೊಂದು ವರ್ಷ ತಡವಾಗಿ ಅಂದರು: "ಹಬ್ಬಕ್ಕೆ ಬಾರಕ್ಕ."

"ಬಂದಿದೀನಲ್ಲೋ. ಅಗಿ. ನುಂಗ್ಬ್ಯಾಡ."

ಇಬ್ಬರೂ ಜಗುಲಿಯ ಮೇಲೆ ಕೂತರು. ಅಮ್ಮ ಕಾಫಿ ತಂದಿಟ್ಟರು. ಅಪ್ಪ ಆ ಒಂದು ಬೀಜವನ್ನು ಎಷ್ಟು ಹೊತ್ತು ಅಗಿದರೆಂದರೆ, ಪಕ್ಕದಲ್ಲಿದ್ದ ಎರಡು ಲೋಟ ಕಾಫಿಯೂ ಆರಿಹೋಯಿತು.